ನಡುಗುವ ಹಲಗೆಯೋ, ಕೈಯಿಲ್ಲದ ಕುರ್ಚಿಯೋ: ಅರವತ್ತು ದಾಟಿದವರ ಮೆಟಬಾಲಿಸಂಗೆ ಯಾವುದು?

"ಮೇಡಂ, ಮೂವತ್ತೆರಡು ವರ್ಷ ಸರ್ಕಾರಿ ಬಸ್ಸಿನ ಸ್ಟೇರಿಂಗ್ ಹಿಡ್ಕೊಂಡು ನಡುಗಿದ್ದೀನಿ. ಈಗ ದುಡ್ಡು ಕೊಟ್ಟು ಮತ್ತೆ ನಡುಗಬೇಕಂತೆ ನೋಡಿ" ಅಂತ ಅವರು ಮೊಬೈಲನ್ನು ನನ್ನ ಮೇಜಿನ ಮೇಲಿಟ್ಟರು. ವಿಡಿಯೋದಲ್ಲಿ ಒಬ್ಬಾಕೆ ನಗುನಗುತ್ತ ಕರಿ ಹಲಗೆಯೊಂದರ ಮೇಲೆ ನಿಂತಿದ್ದಾಳೆ, ಹಲಗೆ ಗಡಗಡ ಅಲುಗುತ್ತಿದೆ. ಹತ್ತು ನಿಮಿಷ ನಿಂತರೆ ಒಂದು ಗಂಟೆ ವಾಕಿಂಗಿಗೆ ಸಮ ಅಂತ ಕೆಳಗೆ ಬರೆದಿದೆ. ಪುಣೆಯಲ್ಲಿರುವ ಮಗ ಆಗಲೇ ಆರ್ಡರ್ ಮಾಡಿಬಿಟ್ಟಿದ್ದಾನೆ, ಪೆಟ್ಟಿಗೆ ಎರಡು ದಿನದಲ್ಲಿ ಮನೆಗೆ ಬರುತ್ತದೆ. ಇವರಿಗೆ 68. ಹನ್ನೊಂದು ವರ್ಷದಿಂದ ಶುಗರ್ ಇದೆ. ಹೊಟ್ಟೆ ಮುಂದೆ ಬಂದಿದೆ, ಕಾಲು ಮಾತ್ರ ವರ್ಷದಿಂದ ವರ್ಷಕ್ಕೆ ಸಣ್ಣಗಾಗುತ್ತಿದೆ.

ಮೈಸೂರಿನ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಈಚೆಗೆ ವಾರಕ್ಕೊಬ್ಬರಾದರೂ ಇದೇ ಪ್ರಶ್ನೆ ತರುತ್ತಾರೆ. ಹಾಗಾಗಿ ಒಮ್ಮೆ ಸರಿಯಾಗಿ ಬರೆದಿಡೋಣ ಅನ್ನಿಸಿತು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಕುರ್ಚಿಯಿಂದ ತಾವೇ ಎದ್ದು ಕೂರಬಲ್ಲವರಿಗೆ ಕುರ್ಚಿ ಮೊದಲು, ಊಟವಾದ ಮೇಲಿನ ನಡಿಗೆ ಎರಡನೆಯದು, ನಡುಗುವ ಹಲಗೆ ಮೂರನೆಯದು. ಕೆಲವರ ವಿಷಯದಲ್ಲಿ ಈ ಸಾಲು ತಿರುಗುಮುರುಗಾಗುತ್ತದೆ. ನೀವು ಅಂಥವರಲ್ಲಿ ಒಬ್ಬರೋ ಅಲ್ಲವೋ ಅಂತ ತಿಳಿದುಕೊಂಡ ಮೇಲೆ ದುಡ್ಡು ಬಿಚ್ಚಿ.

ಮೆಟಬಾಲಿಸಂ ಎಲ್ಲಿ ಕುಳಿತಿದೆ?

ಮೆಟಬಾಲಿಸಂ ಅಂದರೆ ತಿಂದದ್ದನ್ನು ದೇಹ ಶಕ್ತಿಯಾಗಿ ಬದಲಿಸಿ ಸುಡುವ ಕೆಲಸ. "ವಯಸ್ಸಾಯ್ತಲ್ಲ, ಮೆಟಬಾಲಿಸಂ ಸ್ಲೋ ಆಗಿದೆ" ಅನ್ನೋದು ನಲವತ್ತಕ್ಕೇ ಶುರುವಾಗುವ ಮಾತು. ಲೆಕ್ಕ ಹಾಗಿಲ್ಲ. 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು 29 ದೇಶಗಳ 6,400ಕ್ಕೂ ಹೆಚ್ಚು ಜನರ ಅಳತೆಗಳನ್ನು ಒಟ್ಟು ಮಾಡಿ ನೋಡಿದರು. ಎಂಟು ದಿನದ ಕೂಸಿನಿಂದ 95 ವರ್ಷದವರವರೆಗೆ ಅದರಲ್ಲಿದ್ದರು. ಮೈಯ ಗಾತ್ರದ ವ್ಯತ್ಯಾಸ ತೆಗೆದು ನೋಡಿದರೆ, ದೇಹ ದಿನಕ್ಕೆ ಸುಡುವ ಶಕ್ತಿ 20ರಿಂದ 60ರವರೆಗೆ ಹೆಚ್ಚುಕಡಿಮೆ ಒಂದೇ ಸಮ. ಇಳಿಯುವುದು 60ರ ಮೇಲೆ, ಅದೂ ವರ್ಷಕ್ಕೆ ಶೇ 0.7ರಷ್ಟು. ನಲವತ್ತರವರು ಹೊಟ್ಟೆಗೆ ಬೇರೆ ನೆಪ ಹುಡುಕಿಕೊಳ್ಳಬೇಕು, ಅರವತ್ತು ದಾಟಿದವರ ದೂರಿನಲ್ಲಿ ಸತ್ಯವಿದೆ.

ಆದರೆ ಹಿರಿಯರಿಗೆ ನಿಜವಾದ ಪೆಟ್ಟು ಕೊಡುವುದು ಈ ಶೇ 0.7 ಅಲ್ಲ, ಸ್ನಾಯು ಕರಗುವುದು. ಊಟದ ನಂತರ ರಕ್ತಕ್ಕೆ ಬಂದ ಸಕ್ಕರೆಯ ದೊಡ್ಡ ಪಾಲು ಹೋಗಿ ಸೇರಬೇಕಾದ ಉಗ್ರಾಣವೇ ಸ್ನಾಯು, ಅದರಲ್ಲೂ ತೊಡೆ ಮತ್ತು ಪೃಷ್ಠದ ದೊಡ್ಡ ಸ್ನಾಯುಗಳು. ಉಗ್ರಾಣ ಚಿಕ್ಕದಾದರೆ ಅದೇ ಎರಡು ಮುದ್ದೆಗೆ ಶುಗರ್ ಮೊದಲಿಗಿಂತ ಮೇಲೇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ‘ಇಂಡಿಯಾಬ್’ ಮಧುಮೇಹ ಸಮೀಕ್ಷೆ 2023ರಲ್ಲಿ ಹೇಳಿದ ಪ್ರಕಾರ ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ನಮ್ಮವರಲ್ಲಿ ‘ಹೊಟ್ಟೆ ದಪ್ಪ, ಕಾಲು ಸಣ್ಣ’ ಮೈಕಟ್ಟು ಎಷ್ಟು ಸಾಮಾನ್ಯ ಅನ್ನೋದಕ್ಕೆ ಸಮೀಕ್ಷೆಯೇ ಬೇಕಿಲ್ಲ, ಯಾವುದಾದರೂ ಮದುವೆ ಛತ್ರದ ಊಟದ ಸಾಲು ನೋಡಿದರೆ ಸಾಕು.

ಚಾಲಕರನ್ನು ನಾನು ಕೈಯಿಲ್ಲದ ಮರದ ಕುರ್ಚಿಯ ಮೇಲೆ ಕೂರಿಸಿದೆ. ಎರಡೂ ಕೈ ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂರಬೇಕು, ನಾನು ಸಮಯ ನೋಡುತ್ತೇನೆ. ಮೊದಲ ಎರಡು ಸಲ ಸರಾಗ. ಮೂರನೆಯದರಲ್ಲಿ ಮೈ ಮುಂದಕ್ಕೆ ಎಸೆದು ಎದ್ದರು. ನಾಲ್ಕರಲ್ಲಿ ಕೈ ತಾನಾಗಿ ತೊಡೆಗೆ ಹೋಯಿತು. ಐದು ಮುಗಿದಾಗ 17 ಸೆಕೆಂಡು. ಏಷ್ಯಾದ ಸಾರ್ಕೊಪೀನಿಯಾ (ವಯಸ್ಸಾದಂತೆ ಸ್ನಾಯು ಕರಗುವುದು) ತಜ್ಞರ ಗುಂಪು 2019ರಲ್ಲಿ ಹಾಕಿಕೊಟ್ಟ ಗೆರೆಯ ಪ್ರಕಾರ 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಕಾಲಿನ ಶಕ್ತಿ ಕುಂದಿದೆ ಎಂದರ್ಥ. ಟೇಲರ್ ಟೇಪಿನಲ್ಲಿ ಮೀನಖಂಡದ ಸುತ್ತಳತೆ ಹಿಡಿದೆ: 32 ಸೆಂಟಿಮೀಟರ್. ಅದೇ ಗುಂಪಿನ ಗೆರೆ ಗಂಡಸರಿಗೆ 34, ಹೆಂಗಸರಿಗೆ 33, ಅದಕ್ಕಿಂತ ಕಡಿಮೆಯಿದ್ದರೆ ಸ್ನಾಯು ಕರಗಿರಬಹುದು. ಈ ಎರಡು ಅಳತೆಯನ್ನು ನೀವೂ ಮನೆಯಲ್ಲಿ ಮಾಡಿ ಬರೆದಿಟ್ಟುಕೊಳ್ಳಿ. ತೂಕದ ಯಂತ್ರ ಸ್ನಾಯು ಯಾವುದು, ಕೊಬ್ಬು ಯಾವುದು ಅಂತ ಹೇಳುವುದಿಲ್ಲ, ಕುರ್ಚಿ ಹೇಳುತ್ತದೆ.

ಹಲಗೆ ಮಾಡುವ ಕೆಲಸ

ಮೈಯನ್ನು ನಡುಗಿಸಿ ವಾಸಿ ಮಾಡುವ ಆಸೆ ಹಳೆಯದು. ಪ್ಯಾರಿಸ್ಸಿನ ನರರೋಗ ವೈದ್ಯ ಝಾನ್-ಮಾರ್ಟಿನ್ ಶಾರ್ಕೋ, ಕುಲುಕಾಡುವ ಗಾಡಿಯಲ್ಲಿ, ರೈಲಿನಲ್ಲಿ ದೂರ ಪ್ರಯಾಣ ಮಾಡಿ ಬಂದ ಪಾರ್ಕಿನ್ಸನ್ ರೋಗಿಗಳು ಹಗುರಾಗಿರುತ್ತಾರೆ ಅನ್ನೋದನ್ನು ಗಮನಿಸಿ, ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಲುಗುವ ಕುರ್ಚಿಯೊಂದನ್ನು ಮಾಡಿಸಿದ್ದರು. ಇದನ್ನು ಹೇಳಿದಾಗ ಚಾಲಕರಿಗೆ ಎಲ್ಲಿಲ್ಲದ ಖುಷಿ: "ಹಂಗಾದ್ರೆ ನಮ್ಮ ಹಿಂದಿನ ಸೀಟಿನೋರಿಗೆಲ್ಲ ಫ್ರೀ ಟ್ರೀಟ್‌ಮೆಂಟು!"

ಇಂದಿನ ಹಲಗೆಯ ತತ್ವ ಬೇರೆ. ಹಲಗೆ ಸೆಕೆಂಡಿಗೆ ಇಪ್ಪತ್ತು ಮೂವತ್ತು ಸಲ ಮೇಲೆ ಕೆಳಗೆ ಆಡಿದಾಗ ಕಾಲಿನ ಸ್ನಾಯು ಪ್ರತಿ ಸಲವೂ ಒಂದಿಷ್ಟು ಹಿಗ್ಗುತ್ತದೆ. ಮಂಡಿಗೆ ಸುತ್ತಿಗೆಯಿಂದ ತಟ್ಟಿದಾಗ ಕಾಲು ಹಾರುತ್ತದಲ್ಲ, ಹೆಚ್ಚುಕಡಿಮೆ ಅದೇ ಪ್ರತಿವರ್ತನೆಯಿಂದ ಸ್ನಾಯು ತಾನಾಗಿ ಬಿಗಿಯುತ್ತದೆ. ನೀವು ಹೇಳದೆಯೇ ಅದು ಕೆಲಸ ಮಾಡುತ್ತಿರುತ್ತದೆ. ‘ನಿಂತರೆ ಸಾಕು’ ಎಂಬ ಜಾಹೀರಾತು ಹುಟ್ಟಿದ್ದು ಇಲ್ಲಿಂದಲೇ.

ಹಲಗೆಗಳಲ್ಲಿ ಮೂರು ಜಾತಿ. ಒಂದು, ತಕ್ಕಡಿಯಂತೆ ನಡುವೆ ಕೀಲಿದ್ದು ಎಡ-ಬಲ ಏರಿಳಿಯುವಂಥದ್ದು. ಇದರಲ್ಲಿ ಪಾದ ನಡುವಿಗೆ ಹತ್ತಿರ ಇಟ್ಟರೆ ಅಲುಗಾಟ ಕಡಿಮೆ, ಅಗಲಿಸಿದಷ್ಟೂ ಹೆಚ್ಚು. ಹೊಸಬರಿಗೆ ಅನುಕೂಲ, ಯಾಕೆಂದರೆ ಬಟನ್ ಒತ್ತದೆ ಪಾದ ಸರಿಸಿಯೇ ಜೋರು ತಗ್ಗಿಸಬಹುದು. ಎರಡು, ಇಡೀ ಹಲಗೆ ಒಟ್ಟಿಗೆ ಮೇಲೆ-ಕೆಳಗೆ ಹೋಗುವಂಥದ್ದು. ಇದರ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 25ರಿಂದ 50. ಮೂರು, ಕಣ್ಣಿಗೇ ಕಾಣದಷ್ಟು ಸಣ್ಣಗೆ ಅದುರುವ ಮೃದು ಹಲಗೆ. ಮೂಳೆಗೆಂದು ಪ್ರಯೋಗಗಳಲ್ಲಿ ಬಳಸಿದ್ದು ಹೆಚ್ಚಾಗಿ ಈ ಮೂರನೆಯದನ್ನು. ಅಂಗಡಿಯವರು ಮೂರರ ಅಧ್ಯಯನಗಳನ್ನೂ ಒಂದೇ ಚೀಲಕ್ಕೆ ಹಾಕಿ ತೋರಿಸುತ್ತಾರೆ, ಅಲ್ಲೇ ಮೋಸ ಹೋಗುವುದು.

ಸ್ವಲ್ಪ ಲೆಕ್ಕ ಮಾಡೋಣ. ಸೆಕೆಂಡಿಗೆ 30 ಸಲ, ನಡುಬಿಂದುವಿನಿಂದ ಆಚೀಚೆ 2 ಮಿಲಿಮೀಟರ್ ಅಲುಗುವ ಹಲಗೆಯ ಗರಿಷ್ಠ ವೇಗೋತ್ಕರ್ಷ, ಅಂದರೆ ಮೈಗೆ ಬೀಳುವ ಹೊಡೆತ, ಭೂಮಿಯ ಗುರುತ್ವದ ಸುಮಾರು ಏಳು ಪಟ್ಟು. ಎರಡು ಮಿಲಿಮೀಟರ್ ಅಂದರೆ ಒಂದು ರೂಪಾಯಿ ನಾಣ್ಯದ ದಪ್ಪಕ್ಕಿಂತ ಚೂರು ಜಾಸ್ತಿ ಅಷ್ಟೆ! ವೇಗ ಎರಡು ಪಟ್ಟು ಮಾಡಿದರೆ ಹೊಡೆತ ನಾಲ್ಕು ಪಟ್ಟಾಗುತ್ತದೆ. ಮೃದು ಹಲಗೆಯ ಹೊಡೆತ ಗುರುತ್ವದ 0.3 ಪಟ್ಟು ಮಾತ್ರ. ಇವೆರಡನ್ನೂ ‘ವೈಬ್ರೇಶನ್’ ಅಂತ ಒಂದೇ ಹೆಸರಿನಿಂದ ಕರೆಯುವುದು ಸೈಕಲ್ಲನ್ನೂ ಲಾರಿಯನ್ನೂ ‘ವಾಹನ’ ಅಂದಹಾಗೆ.

ಇಡ್ಲಿಯ ಲೆಕ್ಕ

ಸುಮ್ಮನೆ ಕೂತಿರುವಾಗ ದೇಹ ಸುಡುವ ಶಕ್ತಿಯನ್ನು ಒಂದು ಮೆಟ್ ಅನ್ನುತ್ತಾರೆ, ಅಂದರೆ ಕಿಲೋ ತೂಕಕ್ಕೆ ಗಂಟೆಗೆ ಸುಮಾರು ಒಂದು ಕ್ಯಾಲರಿ. ಯುವಕರನ್ನೂ ಹಿರಿಯರನ್ನೂ ಹಲಗೆಯ ಮೇಲೆ ನಿಲ್ಲಿಸಿ ಆಮ್ಲಜನಕ ಅಳೆದ 2008ರ ಅಧ್ಯಯನವೊಂದರಲ್ಲಿ, ಕಂಪನದಿಂದ ಹೆಚ್ಚಾದದ್ದು 0.35 ಮೆಟ್. 65 ಕಿಲೋ ತೂಗುವವರು ಹತ್ತು ನಿಮಿಷ ನಿಂತರೆ ಹೆಚ್ಚುವರಿಯಾಗಿ ಸುಡುವುದು ನಾಲ್ಕು ಕ್ಯಾಲರಿ ಎಂದಾಯಿತು. ಒಂದು ಇಡ್ಲಿಯನ್ನು ಐವತ್ತು ಕ್ಯಾಲರಿ ಅಂತಿಟ್ಟುಕೊಂಡರೆ, ಅದರ ಅಂಚು ಚಿವುಟಿ ಬಾಯಿಗೆ ಹಾಕಿಕೊಂಡಷ್ಟು. ಅದೇ ಹತ್ತು ನಿಮಿಷ ನಿಧಾನವಾಗಿ ನಡೆದರೂ ಕೂತಿರುವುದಕ್ಕಿಂತ ಇಪ್ಪತ್ತು ಕ್ಯಾಲರಿ ಹೆಚ್ಚು ಖರ್ಚಾಗುತ್ತದೆ. ಹತ್ತು ನಿಮಿಷಕ್ಕೆ ಒಂದು ಗಂಟೆಯ ವಾಕಿಂಗ್ ಅನ್ನೋದು ಹಾಗಾಗಿ ಸುಳ್ಳು, ಅದೂ ಸಣ್ಣಪುಟ್ಟ ಸುಳ್ಳಲ್ಲ.

ಈ ಸುದ್ದಿಗೆ ರೆಕ್ಕೆಪುಕ್ಕ ಬಂದದ್ದು 2017ರಲ್ಲಿ. ಅಮೆರಿಕದ ಜಾರ್ಜಿಯಾದ ಸಂಶೋಧಕರು ಇಲಿಗಳನ್ನು ದಿನಕ್ಕೆ 20 ನಿಮಿಷದಂತೆ 12 ವಾರ ಅಲುಗುವ ಪೆಟ್ಟಿಗೆಯಲ್ಲಿಟ್ಟರು. ಬೊಜ್ಜಿನ, ಮಧುಮೇಹದ ಇಲಿಗಳಲ್ಲಿ ಟ್ರೆಡ್‌ಮಿಲ್ ಓಟದಂಥದ್ದೇ ಕೆಲವು ಫಲ ಕಂಡವು. ಮರುದಿನ ಲೋಕವೆಲ್ಲ ‘ವ್ಯಾಯಾಮಕ್ಕೆ ಬದಲು ಕಂಪನ’ ಎಂಬ ತಲೆಬರಹ. ಕೆಲವೇ ಗ್ರಾಂ ತೂಗುವ, ನಾಲ್ಕು ಕಾಲಿನ ಪ್ರಾಣಿ ಅದು. ಇಲಿಗೆ ಒಗ್ಗಿದ್ದು ನಮಗೂ ಒಗ್ಗುತ್ತದೆ ಅನ್ನೋದಾಗಿದ್ದರೆ ನನ್ನ ಕ್ಲಿನಿಕ್ಕು ಎಂದೋ ಮುಚ್ಚಿರುತ್ತಿತ್ತು.

ಹಾಗಂತ ಹಲಗೆಯನ್ನು ತಿಪ್ಪೆಗೆಸೆಯಿರಿ ಅನ್ನುತ್ತಿಲ್ಲ. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದವರು 2004ರಲ್ಲಿ 58ರಿಂದ 74 ವರ್ಷದ 89 ಹೆಂಗಸರ ಮೇಲೆ 24 ವಾರ ಪ್ರಯೋಗ ಮಾಡಿದರು. ಹಲಗೆಯ ಗುಂಪಿನವರ ಮಂಡಿ ಚಾಚುವ ಬಲ ಶೇ 15ರಷ್ಟು ಏರಿತು, ಭಾರ ಎತ್ತಿದ ಗುಂಪಿನವರದು ಶೇ 18ರಷ್ಟು. ಅದೇ ತಂಡ ಮುಂದೆ 60 ದಾಟಿದ 97 ಗಂಡಸರನ್ನು ಒಂದು ವರ್ಷ ನೋಡಿತು: ಹಲಗೆಯವರ ಸ್ನಾಯು ಶೇ 3.4 ಬೆಳೆಯಿತು, ಮಾಮೂಲು ವ್ಯಾಯಾಮದವರದು ಶೇ 3.8. ಹೆಚ್ಚುಕಡಿಮೆ ಸರಿಸಮ. ಆದರೆ ಅವರು ಹಲಗೆಯ ಮೇಲೆ ಸುಮ್ಮನೆ ನಿಂತಿರಲಿಲ್ಲ. ಅರೆಬಸ್ಕಿ, ಪೂರ್ತಿ ಬಸ್ಕಿ, ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸುವುದು, ಹೀಗೆ ಅಲುಗಾಟದ ಜೊತೆಗೆ ಕಸರತ್ತು ಮಾಡುತ್ತಿದ್ದರು, ವಾರಕ್ಕೆ ಮೂರು ದಿನ, ಪಕ್ಕದಲ್ಲಿ ನಿಂತು ಹೇಳಿಕೊಡುವವರಿದ್ದರು. ವಿಡಿಯೋದಲ್ಲಿ ಈ ಭಾಗ ಬರುವುದಿಲ್ಲ.

ಶುಗರಿಗೆ? 2007ರ ಒಂದು ಜರ್ಮನ್ ಪ್ರಯೋಗದಲ್ಲಿ ಟೈಪ್-2 ಮಧುಮೇಹದ 40 ಜನರನ್ನು ಮೂರು ಗುಂಪು ಮಾಡಿ 12 ವಾರ ನೋಡಿದರು. ಬರಿಹೊಟ್ಟೆಯ ಶುಗರ್ ಕದಲಲಿಲ್ಲ. ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆಯಲ್ಲಿ ಹಲಗೆಯವರಿಗೂ ಭಾರ ಎತ್ತಿದವರಿಗೂ ಸುಧಾರಣೆ ಕಂಡಿತು, ಬರೀ ಮೈ ಸಡಿಲಿಸುವ ವ್ಯಾಯಾಮದವರಿಗೆ ಇಲ್ಲ. ಆಶಾದಾಯಕ, ಆದರೆ ನಲವತ್ತೇ ಜನ. ಇದರ ಮೇಲೆ ಮಾತ್ರೆ ಕಡಿಮೆ ಮಾಡಿಕೊಳ್ಳುವ ಸಾಹಸ ಬೇಡ.

ಮೂಳೆಯ ಹೆಸರಲ್ಲಿ ಮಾರುವವರೂ ಇದ್ದಾರೆ, ಅದಕ್ಕೊಂದು ಸಾಲು. ಬೋಸ್ಟನ್ ಸುತ್ತಲಿನ ಹಿರಿಯರ ವಸತಿಗಳಲ್ಲಿ 174 ಜನ ಎರಡು ವರ್ಷ ದಿನಕ್ಕೆ ಹತ್ತು ನಿಮಿಷ ಮೃದು ಹಲಗೆಯ ಪ್ರಯೋಗದಲ್ಲಿದ್ದರು, ಟೊರಾಂಟೊದಲ್ಲಿ ಮುಟ್ಟು ನಿಂತ 202 ಹೆಂಗಸರು ಒಂದು ವರ್ಷ. ಎರಡು ಕಡೆಯೂ ಮೂಳೆಯ ಸಾಂದ್ರತೆಗೆ ಲಾಭ ಸಿಗಲಿಲ್ಲ.

ನಡಿಗೆ: ಎಷ್ಟು ದೂರ ಅನ್ನೋದಕ್ಕಿಂತ ಯಾವಾಗ

ಬೆಳಗ್ಗೆ ಐದೂವರೆಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಹೋದರೆ ಅರ್ಧ ಮೈಸೂರಿನ ನಿವೃತ್ತರೆಲ್ಲ ಸಿಗುತ್ತಾರೆ. ಒಳ್ಳೆಯ ಅಭ್ಯಾಸ, ಹೃದಯಕ್ಕೂ ಮನಸ್ಸಿಗೂ. ಶುಗರಿನ ಲೆಕ್ಕದಲ್ಲಿ ಮಾತ್ರ ಅಲ್ಲೊಂದು ಸಣ್ಣ ತಪ್ಪಿದೆ: ನಡಿಗೆ ಮುಗಿಸಿ, ಅಲ್ಲೇ ಮಸಾಲೆ ದೋಸೆ ತಿಂದು, ಮನೆಗೆ ಬಂದು ಪೇಪರ್ ಹಿಡಿದು ಕೂರುವುದು. ಸಕ್ಕರೆ ಏರುವ ಹೊತ್ತಿಗೆ ಸ್ನಾಯು ಮಲಗಿರುತ್ತದೆ.

2013ರಲ್ಲಿ ವಾಷಿಂಗ್ಟನ್ನಿನ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ, 60 ದಾಟಿದ, ಮಧುಮೇಹದ ಅಂಚಿನಲ್ಲಿದ್ದ ಹತ್ತು ಜನರಿಗೆ ಒಮ್ಮೆ ಬೆಳಗ್ಗೆ ಒಂದೇ ಸಲಕ್ಕೆ 45 ನಿಮಿಷ, ಇನ್ನೊಮ್ಮೆ ಮೂರೂ ಊಟದ ನಂತರ 15 ನಿಮಿಷದಂತೆ ನಡೆಸಿ ನೋಡಿದರು. ಇಡೀ ದಿನದ ಶುಗರಿಗೆ ಎರಡೂ ಸಮ. ರಾತ್ರಿ ಊಟದ ನಂತರದ ಏರಿಕೆಗೆ ಮಾತ್ರ ಊಟದ ಮೇಲಿನ ನಡಿಗೆಯೇ ಮೇಲು. ಹತ್ತೇ ಜನ, ಒಪ್ಪಿದೆ. ಆದರೆ ಸ್ನಾಯು ಆಡುವಾಗ ಇನ್ಸುಲಿನ್ನಿನ ಹಂಗಿಲ್ಲದೆಯೂ ರಕ್ತದ ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತದೆ ಅನ್ನೋದು ಗಟ್ಟಿಯಾಗಿ ತಿಳಿದ ವಿಷಯ. ರಾತ್ರಿ ಊಟ ಮಾಡಿ ಹಜಾರದಲ್ಲೋ ಟೆರೇಸಿನಲ್ಲೋ ಹದಿನೈದು ನಿಮಿಷ ಓಡಾಡುವುದಕ್ಕೆ ಕೆರೆ ಏರಿಯೂ ಬೇಡ, ಶೂ ಬೇಡ. ಶುಗರಿನ ಗ್ಲಿಮಿಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಶುಗರ್ ತೀರಾ ಇಳಿದರೆ ಬಾಯಿಗೆ ಹಾಕಿಕೊಳ್ಳಲು, ಜೇಬಿನಲ್ಲಿ ನಾಲ್ಕು ಕಲ್ಲುಸಕ್ಕರೆ ಇಟ್ಟುಕೊಂಡಿರಿ.

ನಡಿಗೆಯ ಕೊರತೆ ಒಂದೇ, ಅದು ಸ್ನಾಯು ಬೆಳೆಸುವುದಿಲ್ಲ. ಇಪ್ಪತ್ತು ವರ್ಷ ತಪ್ಪದೆ ವಾಕಿಂಗ್ ಮಾಡಿದವರೂ ನೆಲದಿಂದ ಏಳುವಾಗ ಗೋಡೆ ಹುಡುಕುವುದನ್ನು ದಿನಾ ನೋಡುತ್ತೇನೆ.

ಕುರ್ಚಿ, ರಬ್ಬರ್ ಪಟ್ಟಿ, ನೀರಿನ ಬಾಟಲಿ

"ಈ ವಯಸ್ಸಲ್ಲಿ ಇನ್ನೇನ್ ಸ್ನಾಯು ಬೆಳೆಯುತ್ತೆ ಬಿಡಿ" ಅನ್ನುವವರಿಗೆ ನಾನು ಹೇಳುವ ಕಥೆ 1990ರದ್ದು. ಬೋಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಕೊಟ್ಟರು, ಅದೂ ಪುಸಲಾಯಿಸುವ ಭಾರವಲ್ಲ, ಎತ್ತಬಲ್ಲ ಗರಿಷ್ಠದ ಶೇ 80ರಷ್ಟು. ಕೊನೆಯವರೆಗೆ ಉಳಿದ ಒಂಬತ್ತು ಜನರ ಬಲ ಸರಾಸರಿ ಶೇ 174 ಏರಿತು. ತೊಡೆಯ ಸ್ನಾಯುವೂ ಬೆಳೆದಿತ್ತು. ಶೇ 174 ಅಂದಾಗ ಜನ ನಂಬುವುದಿಲ್ಲ. ತೀರಾ ಕುಸಿದಿದ್ದ ಬಲ, ಅದಕ್ಕೇ ಅಷ್ಟು ದೊಡ್ಡ ಜಿಗಿತ.

ಮನೆಯಲ್ಲಿ ಮಾಡುವ ಕ್ರಮ ಹೀಗೆ. ಕೈಯಿಲ್ಲದ ಗಟ್ಟಿ ಕುರ್ಚಿ ಗೋಡೆಗೆ ಒತ್ತಿರಲಿ, ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಮುಂದಕ್ಕೆ ಸರಿದು ಕೂತು ಪಾದ ಮಂಡಿಗಿಂತ ಚೂರು ಹಿಂದೆ ತನ್ನಿ. ಏಳುವಾಗ ಉಸಿರು ಬಿಡಿ. ಉಸಿರು ಕಟ್ಟಿದರೆ ಬಿಪಿ ಏರುತ್ತದೆ, ಈ ತಪ್ಪನ್ನು ಹತ್ತರಲ್ಲಿ ಎಂಟು ಜನ ಮಾಡುತ್ತಾರೆ. ಕೂರುವಾಗ ದೊಪ್ಪನೆ ಬೀಳದೆ ಮನಸ್ಸಿನಲ್ಲಿ ನಾಲ್ಕು ಎಣಿಸುತ್ತ ಇಳಿಯಿರಿ. ಹೆಚ್ಚಿನ ಲಾಭ ಆ ಇಳಿಯುವುದರಲ್ಲೇ ಇದೆ, ಎಲ್ಲರೂ ಅದನ್ನೇ ನುಂಗಿಬಿಡುತ್ತಾರೆ. ಎಂಟು ಸಲ ಮಾಡಿ ಎರಡು ನಿಮಿಷ ವಿಶ್ರಾಂತಿ, ಮತ್ತೆ ಎಂಟು, ಇನ್ನೊಮ್ಮೆ ಎಂಟು. ಕೊನೆಯ ಎರಡು ಸಲ ಕಷ್ಟ ಅನ್ನಿಸಬೇಕು. ಅನ್ನಿಸದಿದ್ದರೆ ಒಂದೊಂದು ಲೀಟರ್ ನೀರಿನ ಬಾಟಲಿ ಎರಡು ಕೈಯಲ್ಲಿ ಹಿಡಿಯಿರಿ. ಅದೂ ಸಲೀಸಾದ ಮೇಲೆ ಮೊಮ್ಮಗುವಿನ ಶಾಲೆ ಬ್ಯಾಗನ್ನು ಎದೆಗೆ ಅವಚಿಕೊಳ್ಳಿ, ಅದರ ಭಾರ ಏನಂತ ನಿಮಗೆ ಗೊತ್ತೇ ಇದೆ. ತೋಳಿಗೆ, ಬೆನ್ನಿಗೆ ಒಂದು ರಬ್ಬರ್ ಪಟ್ಟಿ ಸಾಕು, ಕಿಟಕಿಯ ಸರಳಿಗೆ ಸಿಕ್ಕಿಸಿ ಎದೆಯ ಕಡೆ ಎಳೆಯುವುದು. ವಾರಕ್ಕೆ ಎರಡೋ ಮೂರೋ ದಿನ ಮಾಡಿ, ನಡುವೆ ಒಂದು ದಿನ ಬಿಡುವಿರಲಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಇದನ್ನೇ: ವಾರಕ್ಕೆ ಕನಿಷ್ಠ 150 ನಿಮಿಷದ ನಡಿಗೆಯಂಥದ್ದು, ಎರಡು ದಿನವಾದರೂ ಬಲದ ಕೆಲಸ, 65 ದಾಟಿದವರಿಗೆ ಮೂರು ದಿನ ಸಮತೋಲದ ಅಭ್ಯಾಸ.

ತಟ್ಟೆಯಲ್ಲಿ ಬೇಳೆ, ಮೊಸರು, ಮೊಟ್ಟೆ ಯಾವುದೂ ಇಲ್ಲದೆ ಅನ್ನ-ತಿಳಿಸಾರಿನಲ್ಲೇ ದಿನ ಕಳೆದರೆ ಕುರ್ಚಿಯ ದುಡಿಮೆ ಅರ್ಧ ನೀರಿಗೆ ಬಿದ್ದ ಹಾಗೆ. ಆ ವಿಷಯ ಬೇರೆಯದೇ ಬರಹ ಕೇಳುತ್ತದೆ.

ಉಳಿದವುಗಳಿಗೆ ಎರಡೆರಡು ಮಾತು. ಯೋಗ ಸಮತೋಲಕ್ಕೂ ಕೀಲುಗಳ ಸಡಿಲಿಕೆಗೂ ಒಳ್ಳೆಯದು. ಕುರ್ಚಿಯಿಲ್ಲದೆಯೇ ಕೂತಂತೆ ನಿಲ್ಲುವ ಉತ್ಕಟಾಸನದಂಥವನ್ನು ಒಂದಷ್ಟು ಹೊತ್ತು ಹಿಡಿದರೆ ಬಲವೂ ಬರುತ್ತದೆ, ಪ್ರಾಣಾಯಾಮವೊಂದರಿಂದಲೇ ಸ್ನಾಯು ಬೆಳೆಯುವುದಿಲ್ಲ. ವ್ಯಾಯಾಮದ ಸೈಕಲ್ಲು ಮಂಡಿನೋವಿನವರಿಗೆ ನಡಿಗೆಯ ಬದಲಿ. ಸೊಂಟಕ್ಕೆ ಕಟ್ಟಿ ಅಲುಗಿಸುವ ಬೆಲ್ಟು, ಪಾದ ಉಜ್ಜುವ ಮಸಾಜರು ಇವುಗಳಿಗೂ ಮೆಟಬಾಲಿಸಂಗೂ ಸಂಬಂಧವಿಲ್ಲ, ಹಾಯೆನ್ನಿಸಿದರೆ ಹಾಕಿಕೊಳ್ಳಿ.

ಹಲಗೆ ಯಾರಿಗೆ ಬೇಡ, ಯಾರಿಗೆ ಆದೀತು

ಕಾರ್ಖಾನೆಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಇದೇ ಇಡೀ ದೇಹದ ಕಂಪನವನ್ನು ಅಪಾಯವೆಂದು ಪರಿಗಣಿಸಿ ಅಳೆಯಲು ಅಂತರರಾಷ್ಟ್ರೀಯ ಮಾನದಂಡವೇ ಇದೆ. ಬಸ್ ಚಾಲಕರ ಬೆನ್ನುನೋವು ಅದಕ್ಕೆ ಜೀವಂತ ಸಾಕ್ಷಿ. ಹಾಗಾಗಿ ‘ಸೈಡ್ ಎಫೆಕ್ಟ್ ಇಲ್ಲ’ ಎಂಬ ಮಾತನ್ನು ನಂಬಬೇಡಿ. ಪೇಸ್‌ಮೇಕರ್ ಇದ್ದವರು, ಈಚೆಗೆ ಮೂಳೆ ಮುರಿದವರು ಅಥವಾ ಮಂಡಿ-ಸೊಂಟದ ಕೀಲು ಬದಲಿಸಿಕೊಂಡವರು, ಕಾಲಿನ ರಕ್ತನಾಳದಲ್ಲಿ ಹೆಪ್ಪು ಇರುವವರು, ಕಿಡ್ನಿ ಅಥವಾ ಪಿತ್ತಕೋಶದ ಕಲ್ಲಿನವರು, ಹರ್ನಿಯಾ, ಮೂರ್ಛೆರೋಗ, ಜೋರಾದ ಡಿಸ್ಕ್ ನೋವಿನವರು, ಶುಗರಿನಿಂದ ಪಾದ ಮರಗಟ್ಟಿ ಹುಣ್ಣಾದವರು ಇದರ ಮೇಲೆ ಹತ್ತಬಾರದು. ಜನ ಮರೆಯುವುದು ಕಣ್ಣನ್ನು. ಹಲಗೆ ಬಳಸಿದ ಮೇಲೆ ಕಣ್ಣೊಳಗೆ ರಕ್ತಸ್ರಾವವಾದ, ಪೊರೆ ತೆಗೆದು ಕೂರಿಸಿದ ಲೆನ್ಸು ಜಾಗ ತಪ್ಪಿದ ಬಿಡಿ ಪ್ರಕರಣಗಳು ವೈದ್ಯ ಪತ್ರಿಕೆಗಳಲ್ಲಿ ದಾಖಲಾಗಿವೆ.

"ನಿಮ್ಮ ಕಣ್ಣು ತೋರಿಸಿದ್ದು ಯಾವಾಗ ಸರ್?" ಅಂದೆ. ಹೋದ ವರ್ಷ ಎರಡೂ ಕಣ್ಣಿಗೆ ಲೇಸರ್ ಆಗಿದೆಯಂತೆ, ಶುಗರಿನಿಂದ ಒಳಗೆ ರಕ್ತ ಜಿನುಗಿತ್ತಂತೆ. ನಾನು ಕೇಳುವವರೆಗೂ ಕಣ್ಣಿಗೂ ಕಾಲಿನ ಮಷೀನಿಗೂ ಏನು ಸಂಬಂಧ ಅಂತ ಅವರಿಗೆ ಹೊಳೆದಿರಲಿಲ್ಲ, ಪೆಟ್ಟಿಗೆಯ ಮೇಲಾಗಲಿ ವಿಡಿಯೋದಲ್ಲಾಗಲಿ ಯಾರೂ ಹೇಳಿರಲೂ ಇಲ್ಲ. ಅವರಿಗೆ ಕುರ್ಚಿ ಮತ್ತು ರಾತ್ರಿಯ ಹದಿನೈದು ನಿಮಿಷ ಬರೆದುಕೊಟ್ಟೆ.

ಹಲಗೆ ನಿಜಕ್ಕೂ ಯಾರಿಗೆ? ಪೂರ್ತಿ ಬಸ್ಕಿ ಹೊಡೆಯಲಾರದ, ಭಾರ ಎತ್ತಲಾರದ, ನಡೆದರೆ ಮಂಡಿ ಊದುವ, ಆದರೆ ಹಿಡಿ ಹಿಡಿದು ನಿಲ್ಲಬಲ್ಲವರಿಗೆ. ಅಂಥವರಲ್ಲಿ ಮಂಡಿ ಸ್ವಲ್ಪವೇ ಬಗ್ಗಿಸಿ ನಿಂತರೂ ಕಂಪನ ತೊಡೆಯ ಸ್ನಾಯುವಿಗೆ ಒಂದಿಷ್ಟು ಕೆಲಸ ಕೊಡುತ್ತದೆ. ನನ್ನ ಮಟ್ಟಿಗೆ ಇದು ಕುರ್ಚಿಯ ಕಡೆಗೆ ಹೋಗುವ ಮೆಟ್ಟಿಲು. ಚಾಲಕರ ಮನೆಯವರು ಅಂಥವರೇ ಅಂತ ಗೊತ್ತಾದದ್ದು ಆಮೇಲೆ, ಪೆಟ್ಟಿಗೆ ಬಂದ ಮೇಲೆ ಇಬ್ಬರೂ ಅದನ್ನು ಆಟೋದಲ್ಲಿ ಹಾಕಿಕೊಂಡು ಕ್ಲಿನಿಕ್ಕಿಗೇ ತಂದಾಗ. ಆಕೆಗೆ 64, ಎರಡೂ ಮಂಡಿ ಸವೆದಿವೆ, ಉಳಿದಂತೆ ಆರೋಗ್ಯ ಚೆನ್ನಾಗಿದೆ, ಕಣ್ಣಿನ ತೊಂದರೆ ಇಲ್ಲ. ಕುರ್ಚಿಯಿಂದ ಮೂರನೇ ಸಲ ಏಳುವಷ್ಟರಲ್ಲಿ "ಅಯ್ಯೋ, ಸಾಕು ಕಣಮ್ಮ" ಅಂದರು.

ಮಷೀನಿನ ಮೇಲೆ ‘ಸ್ಪೀಡ್ 1–99’ ಅಂತ ಬರೆದಿತ್ತು, ಅದರಿಂದ ಏನೂ ತಿಳಿಯುವುದಿಲ್ಲ. ಕೊಳ್ಳುವ ಮುಂಚೆ ಕೇಳಬೇಕಾದ್ದು ಎರಡೇ: ಸೆಕೆಂಡಿಗೆ ಎಷ್ಟು ಸಲ, ಎಷ್ಟು ಮಿಲಿಮೀಟರ್. ಮಿಲಿಮೀಟರ್ ಹೇಳಿದರೆ ಅದು ತುದಿಯಿಂದ ತುದಿಗೋ ನಡುವಿನಿಂದ ತುದಿಗೋ ಅಂತಲೂ ಕೇಳಿ, ಒಂದೇ ಅಲುಗಾಟವನ್ನು ಎರಡು ಪಟ್ಟು ಮಾಡಿ ತೋರಿಸುವ ಜಾಣತನ ಅಲ್ಲಿದೆ. ಹಿಡಿಗಂಬ ಇಲ್ಲದ ಹಲಗೆ ಹಿರಿಯರಿಗೆ ಬೇಡವೇ ಬೇಡ. ಇದಕ್ಕೂ ಇರಲಿಲ್ಲ, ಕಿಟಕಿಯ ಸರಳಿನ ಪಕ್ಕ ಇಟ್ಟೆವು. ಉತ್ತರ ಕೊಡುವವರು ಸಿಗದಿದ್ದರೆ ಮೊಬೈಲೇ ಅಳೆಯುತ್ತದೆ: ಹಲಗೆಯ ಅಂಚಿಗೆ ಸೀಮೆಸುಣ್ಣದ ಗುರುತು ಹಾಕಿ, ಸೆಕೆಂಡಿಗೆ 240 ಚಿತ್ರದ ಸ್ಲೋ ಮೋಷನ್ನಿನಲ್ಲಿ ತೆಗೆದು, ಗುರುತು ಮೇಲೆ ಹೋಗಿ ಮತ್ತೆ ಮೇಲೆ ಬರುವಷ್ಟರಲ್ಲಿ ಎಷ್ಟು ಚಿತ್ರ ಸರಿದವು ಅಂತ ಎಣಿಸಿ, 240ನ್ನು ಅದರಿಂದ ಭಾಗಿಸಿ. ‘99’ಕ್ಕೆ ಇಟ್ಟಾಗ ಇಪ್ಪತ್ತು ಚಿತ್ರ ಬಂದವು, ಅಂದರೆ ಸೆಕೆಂಡಿಗೆ 12. ಲ್ಯೂವೆನ್ನಿನವರು ಬಳಸಿದ್ದರ ಅರ್ಧಕ್ಕೂ ಕಡಿಮೆ. ಆಕೆಗೆ ಶುರು ಮಾಡಲು ಅಷ್ಟು ಸಾಲುತ್ತದೆ.

ಬರಿಗಾಲು, ಪಾದ ನಡುವಿಗೆ ಹತ್ತಿರ, ಮಂಡಿ ತುಸು ಬಗ್ಗಿರಲಿ, ಭಾರ ಮುಂಗಾಲಿನ ಮೇಲೆ ಅಂತ ಹೇಳಿದೆ. ಮಂಡಿ ನೆಟ್ಟಗಿದ್ದರೆ ಅಲುಗಾಟ ಸೀದಾ ತಲೆಗೇರುತ್ತದೆ. ಹಲ್ಲು ಕಟಕಟ ಅಂದರೆ, ಕಣ್ಣು ಮಂಜಾದರೆ ನಿಲ್ಲಿಸಬೇಕು. ಅರ್ಧ ನಿಮಿಷ ಚಾಲು, ಒಂದು ನಿಮಿಷ ಬಿಡುವು, ಹೀಗೆ ಐದು ಸುತ್ತು. ಮೂರನೇ ಸುತ್ತಿನಲ್ಲಿ ಆಕೆ ಸೀರೆಯ ಮೇಲಿಂದಲೇ ತೊಡೆ ಕೆರೆದುಕೊಳ್ಳತೊಡಗಿದರು. "ಇದೇನಮ್ಮ, ನವೆ?" ರಕ್ತ ಓಡಾಟ ಹೆಚ್ಚಾಗಿ ಹಾಗಾಗುತ್ತದೆ, ಬೇಗ ಇಳಿಯುತ್ತದೆ ಅಂದೆ. ಪಕ್ಕದಲ್ಲಿ ಚಾಲಕರು ಕೈ ಎದೆಗೆ ಕಟ್ಟಿಕೊಂಡು ಮರದ ಕುರ್ಚಿಯಿಂದ ಏಳುತ್ತಿದ್ದರು. ಕೂರುವಾಗ ನಾಲ್ಕರ ಬದಲು ಎರಡೇ ಎಣಿಸುತ್ತಿದ್ದಾರೆ ಅಂತ ಹಲಗೆಯ ಮೇಲಿಂದಲೇ ಹೆಂಡತಿ ತಪ್ಪು ಹಿಡಿದರು.